ಮೂರು ಸಂಜೆ ಸಿಗದ ಹ್ಯಾಂಡ್‌ಶೇಕ್

ಮೂಲೆಯಲ್ಲಿ ಬಿದ್ದಿದ್ದ ಹಳೇ ರೌಟರ್, ಗಾಜು ಬಿರುಕು ಬಿಟ್ಟ ಒಂದು ಫೋನು, ಒಂದು ಲ್ಯಾಪ್‌ಟಾಪ್. ವೈ-ಫೈ ಭದ್ರತೆ ಪರೀಕ್ಷೆ ಕಲಿಯಲು ನನ್ನ ಹತ್ತಿರ ಇದ್ದದ್ದು ಇಷ್ಟೇ. ಮೂರೂ ನನ್ನವೇ. ಒಪ್ಪಿಗೆ ಇಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ಕೈ ಹಾಕುವುದು ಅಪರಾಧ, ಹಾಗಾಗಿ ಅದರ ಗೊಡವೆಗೇ ಹೋಗಲಿಲ್ಲ.

ಮೊದಲ ಎಡವಟ್ಟು ಶುರುವಿನಲ್ಲೇ ಆಯಿತು. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೇ ತಂತ್ರಾಂಶದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್) ಭದ್ರತೆ ಪರೀಕ್ಷೆಗೆಂದೇ ಇರುವ ಕಾಲಿ ಲಿನಕ್ಸ್ ಹಾಕಿ ನೋಡಿದರೆ ವೈ-ಫೈ ಕಾರ್ಡೇ ಕಾಣಲಿಲ್ಲ. ಲ್ಯಾಪ್‌ಟಾಪ್‌ನ ಒಳಗಿನ ಕಾರ್ಡು ಅಲ್ಲಿ ತಂತಿ ನೆಟ್‌ವರ್ಕ್‌ನ ಹಾಗೆ ಕಾಣುತ್ತದೆ. ಮಾನಿಟರ್ ಮೋಡ್ ಇರುವ ಯುಎಸ್‌ಬಿ ಅಡಾಪ್ಟರ್ ತಂದ ಮೇಲೆ ದಾರಿ ಸಿಕ್ಕಿತು. ಕಾರ್ಡು ಸಾಮಾನ್ಯವಾಗಿ ತನಗೆ ಬೇಕಾದ ಫ್ರೇಮ್ (ವೈ-ಫೈಯಲ್ಲಿ ಹೋಗುವ ಮಾಹಿತಿಯ ತುಂಡು) ಮಾತ್ರ ಎತ್ತಿಕೊಡುತ್ತದೆ. ಈ ಮೋಡ್‌ನಲ್ಲಿ ಆ ಚಾನೆಲ್‌ನಲ್ಲಿ, ಅಂದರೆ ಆ ತರಂಗಾಂತರದಲ್ಲಿ, ಕೇಳಿಸಿದ್ದನ್ನೆಲ್ಲ ಕೊಡುತ್ತದೆ.

ವೈ-ಫೈ ಪರೀಕ್ಷೆಯ ಉಪಕರಣಗಳಾದ ಏರ್‌ಕ್ರ್ಯಾಕ್-ಎನ್‌ಜಿ ಬಳಗದಿಂದ, ಫ್ರೇಮ್ ಹಿಡಿದಿಡುವ ಏರೋಡಂಪ್ ಓಡಿಸಿ, ಫೋನಿನ ವೈ-ಫೈ ಆರಿಸಿ ಮತ್ತೆ ಹಾಕಿದೆ. ಫೋನು ರೌಟರ್‌ಗೆ ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ, ಅದೇ ಹ್ಯಾಂಡ್‌ಶೇಕ್. ಹಿಡಿದದ್ದನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ತೆರೆದು ನೋಡಿದರೆ ಒಮ್ಮೆ ಒಂದೇ ಸಂದೇಶ, ಇನ್ನೊಮ್ಮೆ ಎರಡು, ಹೆಚ್ಚಿನ ಸಲ ಏನೂ ಇಲ್ಲ. ಡ್ರೈವರ್ ಬದಲಿಸಿದೆ. ಅಡಾಪ್ಟರ್ ಕೆಟ್ಟಿದೆ ಅಂತ ಬೈದುಕೊಂಡೆ. ಮೂರು ಸಂಜೆ ಹೀಗೇ ಹೋಯಿತು. ತಪ್ಪು ನನ್ನದೇ: ಚಾನೆಲ್ ಹೇಳದೆ ಬಿಟ್ಟರೆ ಏರೋಡಂಪ್ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಾ ಇರುತ್ತದೆ. ರೌಟರ್ 6ರಲ್ಲಿ ಮಾತಾಡುವಾಗ ನನ್ನ ಕಾರ್ಡು 11ರಲ್ಲಿ ಕಿವಿಗೊಟ್ಟು ಕೂತಿತ್ತು! ಚಾನೆಲ್ 6ಕ್ಕೆ ಕಟ್ಟಿಹಾಕಿದ ಮೇಲೆ ಮೊದಲ ಸಲಕ್ಕೇ ನಾಲ್ಕೂ ಬಂದವು.

ಆ ನಾಲ್ಕನ್ನು ಒಂದೊಂದಾಗಿ ಬಿಚ್ಚಿ ನೋಡಿದ್ದೇ ನನಗೆ ಜಾಸ್ತಿ ಕಲಿಸಿತು. ಪಾಸ್‌ವರ್ಡ್ ಅದರಲ್ಲಿ ಎಲ್ಲೂ ಇಲ್ಲ. ಎರಡೂ ಕಡೆಯವರು ಒಂದೊಂದು ಯಾದೃಚ್ಛಿಕ ಸಂಖ್ಯೆ ಕೊಟ್ಟುಕೊಂಡು, ಪಾಸ್‌ವರ್ಡ್ ತಮಗೆ ಗೊತ್ತು ಅನ್ನುವುದಕ್ಕೆ ಗುರುತು ತೋರಿಸುತ್ತಾರೆ. ಆದರೆ ಇದನ್ನು ಹಿಡಿದವರು ಮನೆಯಲ್ಲಿ ಕೂತು, ನೆಟ್‌ವರ್ಕ್ ಮುಟ್ಟದೆ, ಒಂದೊಂದೇ ಪಾಸ್‌ವರ್ಡ್ ಊಹಿಸಿ ಗುರುತು ತಾಳೆ ಆಗುತ್ತದಾ ನೋಡಬಹುದು. ಪ್ರತಿ ಊಹೆಗೂ ನನ್ನ ರೌಟರ್‌ನ ಭದ್ರತಾ ಪದ್ಧತಿಯಾದ ಡಬ್ಲ್ಯುಪಿಎ2, 4,096 ಸುತ್ತು ಲೆಕ್ಕ ಮಾಡಿಸುತ್ತದೆ, ಬೇಕಂತಲೇ ನಿಧಾನ ಮಾಡಲು.

ನನ್ನ ಪಾಸ್‌ವರ್ಡ್ ಹುಟ್ಟಿದ ದಿನಾಂಕ. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ, ಸಾಕಲ್ವಾ ಅಂದುಕೊಂಡಿದ್ದೆ. ಆದರೆ 100 ವರ್ಷದ ದಿನಾಂಕಗಳನ್ನೆಲ್ಲ ಬರೆದರೂ ಪಟ್ಟಿ ಸುಮಾರು 36,500 ಸಾಲು ಅಷ್ಟೇ. ಎದ್ದು ನೀರು ಕುಡಿದು ಬರುವಷ್ಟರಲ್ಲಿ ನನ್ನ ಹುಟ್ಟುಹಬ್ಬ ಪರದೆ ಮೇಲೆ ಇತ್ತು.

ಡಬ್ಲ್ಯುಪಿಎಸ್ ಪಿನ್, ಅಂದರೆ ಪಾಸ್‌ವರ್ಡ್ ಬದಲು ಒತ್ತಿ ನೆಟ್‌ವರ್ಕ್‌ಗೆ ಸೇರುವ ಸಂಖ್ಯೆ, ಇನ್ನೂ ದುರ್ಬಲ. 8 ಅಂಕಿಯಲ್ಲಿ ಕೊನೆಯದು ಬರೀ ತಾಳೆ ಅಂಕಿ (ಉಳಿದ ಏಳರಿಂದಲೇ ಲೆಕ್ಕ ಹಾಕಿ ಬರುವುದು), ಮೊದಲ 4 ಮತ್ತು ಮುಂದಿನ 3ನ್ನು ರೌಟರ್ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಒಟ್ಟು 11,000 ಊಹೆ ಸಾಕು. ಈ ಲೋಪ 2011ರಲ್ಲೇ ಬಯಲಾಗಿತ್ತು. ನನ್ನ ರೌಟರ್‌ನಲ್ಲಿ ಅದು ಆನ್ ಆಗಿಯೇ ಇತ್ತು. ಸುಮ್ನೆ ಆಫ್ ಮಾಡಿದೆ.

ಸಂಪರ್ಕ ಕಡಿದುಕೊಳ್ಳಲು ಹೇಳುವ ಡಿಆಥ್ ಫ್ರೇಮ್ ಮಾತ್ರ ತಲೆ ತಿಂದಿತು. ರೌಟರ್ ಹೆಸರಲ್ಲಿ ನಾನೇ ಒಂದು ಸುಳ್ಳು ‘ಹೊರಡು’ ಕಳಿಸಿದರೆ ಫೋನು ಕೇಳದೆ ಹೊರಟುಬಿಡುತ್ತಿತ್ತು, ಪಾಸ್‌ವರ್ಡ್ ಎಷ್ಟೇ ಉದ್ದ ಇದ್ದರೂ. ಯಾಕೆಂದರೆ ಹಳೇ ವ್ಯವಸ್ಥೆಯಲ್ಲಿ ಈ ಫ್ರೇಮ್‌ಗಳಿಗೆ ರಕ್ಷಣೆಯೇ ಇಲ್ಲ. ಈ ಫ್ರೇಮ್‌ಗಳಿಗೆ ರಕ್ಷಣೆ ಕೊಡುವ 2009ರ ವೈ-ಫೈ ಮಾನದಂಡ 802.11ಡಬ್ಲ್ಯು ಇದಕ್ಕೆ ಮದ್ದು, ಡಬ್ಲ್ಯುಪಿಎ2ರ ನಂತರ ಬಂದ ಡಬ್ಲ್ಯುಪಿಎ3ರಲ್ಲಿ ಅದು ಕಡ್ಡಾಯ. ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿ ಆ ರಕ್ಷಣೆಯನ್ನು ‘ಕಡ್ಡಾಯ’ಕ್ಕೆ ಇಟ್ಟೆ. ಸುಳ್ಳು ಫ್ರೇಮ್‌ಗೆ ಲ್ಯಾಪ್‌ಟಾಪ್ ಅಲುಗಾಡಲಿಲ್ಲ. ಬಿರುಕು ಗಾಜಿನ ಫೋನು ಮಾತ್ರ ನೆಟ್‌ವರ್ಕ್‌ಗೆ ಸೇರಲೇ ಇಲ್ಲ. ‘ಐಚ್ಛಿಕ’ಕ್ಕೆ ಇಳಿಸಿದೆ. ಫೋನು ಸೇರಿತು, ಮುಂದಿನ ಸುಳ್ಳು ಫ್ರೇಮ್‌ಗೆ ಮತ್ತೆ ಹೊರಟಿತು.