ಸ್ಕ್ಯಾನಿಂಗ್‌ಗೆ ಹೊರಟಿರಾ? ರಿಪೋರ್ಟಿನ ಸಹಿ, ಬಿಲ್ಲಿನ ತಲೆಬರಹ ಎರಡನ್ನೂ ನೋಡಿ

ರೋಣ, ಹಾನಗಲ್ಲ, ಕಲಘಟಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಎಂಆರ್‌ಐ ಮಾಡಿಸಿಕೊಂಡು ಸಂಜೆ ಊರು ಸೇರುವವರು ಕೌಂಟರಿನಲ್ಲಿ ಕೇಳುವುದು ಎರಡೇ ಮಾತು: ‘ಎಷ್ಟಾಗ್ತದರೀ? ರಿಪೋರ್ಟ್ ಯಾವಾಗ ಕೊಡ್ತೀರಿ?’ ಇನ್ನೆರಡು ಕೇಳಬೇಕು. ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು ಯಾರು? ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ? ವಿಮೆ ಇದ್ದೂ ಹಣ ಬಾರದೆ ಅಲೆಯುವವರಲ್ಲಿ ಹಲವರು ಎಡವುವುದು ಈ ಎರಡನೆಯದರಲ್ಲಿ.

ಸಹಿ ಯಾರದು?

ಯಂತ್ರದಲ್ಲಿ ಮಲಗಿಸಿ ‘ಉಸಿರು ಹಿಡೀರಿ’ ಎನ್ನುವವರು ಟೆಕ್ನಿಷಿಯನ್. ಚಿತ್ರ ಓದಿ ರಿಪೋರ್ಟ್ ಬರೆಯುವವರು ರೇಡಿಯಾಲಜಿಸ್ಟ್. ಸಿಟಿ, ಎಂಆರ್‌ಐ ಆದರೆ ಅವರು ಅದೇ ಕಟ್ಟಡದಲ್ಲಿ ಇರದಿದ್ದರೂ ನಡೆಯುತ್ತದೆ. ಚಿತ್ರವನ್ನು ಬೇರೆ ಊರಿಗೆ ಕಳಿಸಿ ಓದಿಸುವುದು ಈಗ ಮಾಮೂಲು. ಅಲ್ಟ್ರಾಸೌಂಡ್ ಹಾಗಲ್ಲ. ಪ್ರೋಬ್ (ಮೈಮೇಲೆ ಇಟ್ಟು ಆಡಿಸುವ ಉಪಕರಣ) ಆಡಿಸುತ್ತ ಪರದೆ ನೋಡುವಾಗಲೇ ತೀರ್ಮಾನ ಆಗಿಬಿಡುತ್ತದೆ, ಆಮೇಲೆ ಕಾಗದದ ಮೇಲೆ ಉಳಿಯುವುದು ನಾಲ್ಕಾರು ಚಿತ್ರ ಮಾತ್ರ. ಆದ್ದರಿಂದ ಪ್ರೋಬ್ ಹಿಡಿದವರು ಡಾಕ್ಟರೇ ಆಗಿರಬೇಕು, ರಿಪೋರ್ಟಿನ ಸಹಿಯೂ ಅವರದೇ ಇರಬೇಕು.

ಹೆಸರಿನ ಮುಂದೆ ಬರೀ ‘ಎಂ.ಡಿ.’ ಇದ್ದರೆ ಸಾಲದು. ಜನರಲ್ ಮೆಡಿಸಿನ್‌ಗೂ ಎಂ.ಡಿ. ಇದೆ, ಕ್ಯಾನ್ಸರಿಗೆ ವಿಕಿರಣ (ಜನರ ಮಾತಿನಲ್ಲಿ ‘ಕರೆಂಟು’) ಕೊಡುವ ರೇಡಿಯೋಥೆರಪಿಗೂ ಇದೆ. ನೋಡಬೇಕಾದ್ದು ‘ರೇಡಿಯೋಡಯಾಗ್ನೋಸಿಸ್’ ಎಂಬ ಪದ, ಅಂದರೆ ಸ್ಕ್ಯಾನ್ ಚಿತ್ರ ಓದಿ ರೋಗ ಗುರುತಿಸುವ ವಿಷಯ. ಎಂಬಿಬಿಎಸ್ ಮುಗಿದ ಮೇಲೆ ಎಂ.ಡಿ. ಮೂರು ವರ್ಷ, ಅದಕ್ಕೆ ಸಮನಾದ ಡಿಎನ್‌ಬಿ ಸಹ ಮೂರು ವರ್ಷ, ಡಿಎಂಆರ್‌ಡಿ ಡಿಪ್ಲೊಮಾ ಎರಡು ವರ್ಷ. ಎಫ್‌ಆರ್‌ಸಿಆರ್ ಎಂದಿದ್ದರೆ ಅದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್‌ನದು.

ಸಹಿಯ ಕೆಳಗೆ ನೋಂದಣಿ ಸಂಖ್ಯೆ ಇರುತ್ತದೆ, ಅದರ ಮುಂದೆ ‘ಕೆಎಂಸಿ’ ಎಂಬ ಮೂರಕ್ಷರ. ಹುಬ್ಬಳ್ಳಿಯ ಹಳಬರಿಗೆ ಕೆಎಂಸಿ ಎಂದರೆ ವಿದ್ಯಾನಗರದ ದೊಡ್ಡ ದವಾಖಾನೆ. ಇದು ಅದಲ್ಲ, ಕರ್ನಾಟಕ ಮೆಡಿಕಲ್ ಕೌನ್ಸಿಲ್. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ತೆರೆದು ಈ ಸಂಖ್ಯೆ ಹಾಕಿ, ಜೊತೆಗೆ ರಾಜ್ಯದ ಕೌನ್ಸಿಲ್ ಯಾವುದೆಂದೂ ಆರಿಸಿ. ಕೌನ್ಸಿಲ್ ಬಿಟ್ಟರೆ ಅದೇ ಸಂಖ್ಯೆಯ ಬೇರೆ ರಾಜ್ಯಗಳ ಡಾಕ್ಟರುಗಳೂ ಸಾಲಾಗಿ ಬರುತ್ತಾರೆ. ಹೆಸರಿನಿಂದ ಹುಡುಕಿದರೆ ಇನಿಷಿಯಲ್ ಹಿಂದೆಮುಂದೆಯಾಗಿ ಸಿಗದೇ ಹೋಗಬಹುದು. ಎಂಬಿಬಿಎಸ್ ಕಂಡು ಎಂ.ಡಿ. ಕಾಣದಿದ್ದರೆ ಕೂಡಲೇ ಅನುಮಾನ ಬೇಡ, ಹೆಚ್ಚುವರಿ ಪದವಿಯ ದಾಖಲೆ ಅಲ್ಲಿ ಏರದೇ ಇರಬಹುದು. ರಾಜ್ಯ ಕೌನ್ಸಿಲ್‌ನಲ್ಲಿ ವಿಚಾರಿಸಿ.

ಇನ್ನು ಗೋಡೆಯ ಮೇಲಿನ ಸರ್ಟಿಫಿಕೇಟು. ಖಾಸಗಿ ಕೇಂದ್ರವಾದರೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು. ಅಲ್ಟ್ರಾಸೌಂಡ್ ಇದ್ದರೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ನೋಂದಣಿ ಪತ್ರ ತೂಗುಹಾಕಿರಬೇಕು. ಅದರ ಅವಧಿ ಐದು ವರ್ಷ, ತಾರೀಖು ನೋಡಿ. ಗರ್ಭಿಣಿಯ ಸ್ಕ್ಯಾನ್ ಆದರೆ ಪ್ರತಿ ಸಲ ಇದೇ ಕಾಯ್ದೆಯ ‘ಫಾರಂ ಎಫ್’ ತುಂಬಬೇಕು, ಗುರುತಿನ ಚೀಟಿ ಒಯ್ಯಿರಿ. ಎಕ್ಸ್‌ರೇ, ಸಿಟಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಎಂಆರ್‌ಐಗೆ ಅದು ಬೇಡ, ಅದರಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ.

ಬಿಲ್ಲು ಯಾರದು?

‘ಈ ಡಾಕ್ಟರು ನಮ್ಮ ಇನ್ಶೂರೆನ್ಸ್ ತಗೋತಾರೇನು?’ ಎಂದು ಕೇಳುವುದರಿಂದ ಉತ್ತರ ಸಿಗದು. ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರ ಬಿಲ್ಲು ಕಟ್ಟುವ) ಒಪ್ಪಂದ ಸಾಮಾನ್ಯವಾಗಿ ಆಗುವುದು ದವಾಖಾನೆಯೊಂದಿಗೆ, ರೇಡಿಯಾಲಜಿಸ್ಟರೊಂದಿಗಲ್ಲ. ಅವರ ಫೀ ಸ್ಕ್ಯಾನ್ ಬಿಲ್ಲಿನೊಳಗೇ ಇರುತ್ತದೆ. ದವಾಖಾನೆಯ ಆವರಣದಲ್ಲೇ ಇದ್ದರೂ ಸ್ಕ್ಯಾನಿಂಗ್ ಕೇಂದ್ರವನ್ನು ಬೇರೆ ಸಂಸ್ಥೆ ನಡೆಸುತ್ತಿರಬಹುದು. ಆಗ ರಸೀದಿಯ ತಲೆಬರಹದಲ್ಲಿ ದವಾಖಾನೆಯ ಹೆಸರಿರುವುದಿಲ್ಲ. ಅಡ್ಮಿಟ್ ಆದವರು ಅಲ್ಲಿ ಕೈಯಿಂದ ಹಣ ಕಟ್ಟಿದರೆ ಅದು ಕ್ಯಾಶ್‌ಲೆಸ್ ಬಿಲ್ಲಿಗೆ ಸೇರದೇ ಉಳಿದು, ನಂತರ ಬೇರೆಯಾಗಿ ಕ್ಲೇಮ್ ಮಾಡಬೇಕಾಗುತ್ತದೆ. ಹಣ ಕಟ್ಟುವ ಮೊದಲೇ ದವಾಖಾನೆಯಲ್ಲಿ ವಿಮೆಯ ಕೆಲಸ ನೋಡುವ ಟಿಪಿಎ ಡೆಸ್ಕಿನಲ್ಲಿ ‘ಈ ಸ್ಕ್ಯಾನು ದವಾಖಾನಿ ಬಿಲ್ಲಿನ್ಯಾಗ ಬರ್ತದೇನ್ರಿ?’ ಎಂದು ಕೇಳಿಕೊಳ್ಳಿ.

ಅಡ್ಮಿಟ್ ಆಗದೆ ಮಾಡಿಸುವ ಸ್ಕ್ಯಾನಿಗೆ ಸಾಮಾನ್ಯ ಆರೋಗ್ಯ ಪಾಲಿಸಿ ಹಣ ಕೊಡುವುದಿಲ್ಲ, ಒಪಿಡಿ (ಹೊರರೋಗಿ) ಸೌಲಭ್ಯ ಸೇರಿಸಿದ್ದರೆ ಮಾತ್ರ ಉಂಟು. ‘ಒಂದು ರಾತ್ರಿ ಅಡ್ಮಿಟ್ ಆಗ್ರಿ, ಕ್ಲೇಮ್ ಆಗ್ತದ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೀ ತಪಾಸಣೆಗಾಗಿ ಅಡ್ಮಿಟ್ ಆದರೆ ಹಣವಿಲ್ಲ ಎಂಬ ಕಲಮು ಪಾಲಿಸಿಗಳಲ್ಲೇ ಇದೆ. ಸ್ಕ್ಯಾನ್ ಜೊತೆ ರೂಮಿನ ಬಾಡಿಗೆಯೂ ಮೈಮೇಲೆ ಬೀಳುತ್ತದೆ.

ಆದರೆ ಸ್ಕ್ಯಾನಿನಲ್ಲಿ ಕಂಡ ತೊಂದರೆಗೇ ಮುಂದೆ ಅಡ್ಮಿಟ್ ಆದರೆ, ಅದಕ್ಕಿಂತ 30 ದಿನ ಮೊದಲಿನ ತಪಾಸಣೆ ಖರ್ಚು (ಕೆಲವು ಪಾಲಿಸಿಗಳಲ್ಲಿ 60 ದಿನ) ಸಿಗುತ್ತದೆ. ಅದಕ್ಕೆ ಡಾಕ್ಟರು ಬರೆದ ಚೀಟಿ, ಅಸಲು ಬಿಲ್ಲು, ರಿಪೋರ್ಟ್ ಮೂರೂ ಬೇಕು, ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಚೀಟಿಯಲ್ಲಿ ಸೊಂಟದ ಎಂಆರ್‌ಐ ಎಂದಿದ್ದು ಬಿಲ್ಲಿನಲ್ಲಿ ಇಡೀ ಬೆನ್ನುಮೂಳೆ ಎಂದಿದ್ದರೆ, ಪಾಲಿಸಿಯಲ್ಲಿ ಬಸವರಾಜ ಎಂದಿದ್ದು ರಿಪೋರ್ಟಿನಲ್ಲಿ ಬಸಪ್ಪ ಎಂದಿದ್ದರೆ ಫೈಲು ವಾಪಸು. ಚಿತ್ರ ಸ್ಪಷ್ಟವಾಗಲೆಂದು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಮೊತ್ತ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಲಿ, ಚೀಟಿಯಲ್ಲೂ ಆ ಪದ ಇರಲಿ. ಹೆಸರು ತಪ್ಪಿದ್ದರೆ ಕೌಂಟರಿನಲ್ಲೇ ತಿದ್ದಿಸಿಕೊಳ್ಳಿ. ಅದಕ್ಕಾಗಿ ಮತ್ತೆ ಹಾನಗಲ್ಲಿನಿಂದ ಬರುವುದು ಯಾರಿಗೆ ಬೇಕು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನ ಲೆಕ್ಕ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂಬುದು ಚಿಕಿತ್ಸೆಯ ಪ್ಯಾಕೇಜಿಗೆ. ಕಾರ್ಡು ಹಿಡಿದು ನೇರ ಖಾಸಗಿ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೆ ನಡೆಯದು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ದವಾಖಾನೆ: ಗದಗಿನವರಿಗೆ ಮಲ್ಲಸಮುದ್ರದ ಜಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ), ಹಾವೇರಿಯವರಿಗೆ ಜಿಲ್ಲಾಸ್ಪತ್ರೆ. ಅಲ್ಲಿ ಆಗದಿದ್ದರೆ ಅವರೇ ಬರೆದುಕೊಡುವ ರೆಫರಲ್ ಮೇಲೆ ಮುಂದಿನದು. ರೈಲ್ವೆ ನೌಕರರಿಗೂ ರೈಲ್ವೆ ಆಸ್ಪತ್ರೆಯ ರೆಫರಲ್ ಕೈಯಲ್ಲಿರಬೇಕು.

ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ಸುತ್ತೋಲೆಯಲ್ಲಿ ವಿಮಾ ಕಂಪನಿಗಳಿಗೆ ಹೇಳಿದೆ. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಕಲಮಿನ ಪ್ರಕಾರ ಎಂದು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅದಾಗದಿದ್ದರೆ ಐಆರ್‌ಡಿಎಐ ಸಹಾಯವಾಣಿ 155255. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಕೊಟ್ಟರಾಯಿತು.