‘ತವರು’ ಎಂಬ ಪದವನ್ನು ಸರಿಯಾಗಿ ಬಳಸುವ ಬಗೆ

ಊರಿನೊಂದಿಗೆ ಇರುವ ನಂಟನ್ನು ಹೇಳಲು ನಮ್ಮಲ್ಲಿ ಹುಟ್ಟೂರು, ಸ್ವಂತ ಊರು, ತವರು ಎಂಬ ಮಾತುಗಳಿದ್ದು, ಸ್ಮರಣ ಸಂಚಿಕೆ, ವ್ಯಕ್ತಿಪರಿಚಯ ಮುಂತಾದ ಬರಹಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವ ರೂಢಿ ಬೆಳೆದಿದೆ. ‘ತವರು’ ಎಂದು ಬರೆಯುವ ಮೊದಲು, ಅಲ್ಲಿಂದ ಹೊರಟು ಬಂದವರು ಯಾರು, ಅವರ ಹಾದಿ ನೋಡುವವರು ಅಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಬೇಕು.

ಮದುವೆಯಾದ ಹೆಣ್ಣುಮಗಳ ತಂದೆತಾಯಿಯ ಮನೆಯೇ ತವರು. ಗಂಡನ ಮನೆಗೆ ಬಾಳಲು ಹೋದ ಮೇಲೆಯೇ ಹುಟ್ಟಿ ಬೆಳೆದ ಮನೆ ತವರಾಗುತ್ತದೆ. ಆದ್ದರಿಂದ ಮದುವೆಯಾಗದ ಹುಡುಗಿಯ ಊರನ್ನು ಅವಳ ತವರು ಎಂದು ಬರೆಯುವುದು ಒಪ್ಪುವುದಿಲ್ಲ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ನಾಗರ ಪಂಚಮಿ ಹತ್ತಿರ ಬಂದಾಗ ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ಕರೆಯಲು ಬರುತ್ತಾನೆ, ಬಂದ ಹೆಣ್ಣುಮಕ್ಕಳಿಗಾಗಿ ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಶೇಂಗಾದುಂಡಿ, ಎಳ್ಳುಂಡಿ ಮಾಡುತ್ತಾರೆ. ‘ತವರಿಗೆ ಕರೆದೊಯ್ಯು’, ‘ತವರಿನಿಂದ ಕರೆಯಲು ಬರು’ ಎಂಬ ನುಡಿಗಟ್ಟುಗಳಲ್ಲಿ ಈ ಕರೆಯುವಿಕೆಯೇ ಇದೆ. ‘ತವರಿಗೆ ಭೇಟಿ ನೀಡಿದಳು’ ಎಂದರೆ ಆ ಕಕ್ಕುಲಾತಿಯೆಲ್ಲ ಹೊರಟುಹೋಗುತ್ತದೆ.

ಹುಟ್ಟೂರು ಬೇರೆ. ಕುಬಸ (ಸೀಮಂತ) ಮಾಡಿ ಚೊಚ್ಚಲ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವ ಪದ್ಧತಿಯಿರುವುದರಿಂದ, ಅನೇಕರ ಹುಟ್ಟೂರು ಅವರ ತಾಯಿಯ ತವರೂರೇ ಆಗಿರುತ್ತದೆ. ತಂದೆಯ ಮನೆತನ ವಿಜಯಪುರದ್ದಾಗಿದ್ದು, ತಾಯಿಯ ತವರಾದ ಜಮಖಂಡಿಯಲ್ಲಿ ಹುಟ್ಟಿದವನ ಹುಟ್ಟೂರು ಜಮಖಂಡಿ, ಸ್ವಂತ ಊರು ವಿಜಯಪುರ.

ಕಿತ್ತೂರನ್ನು ರಾಣಿ ಚೆನ್ನಮ್ಮನ ತವರು ಎಂದು ಬರೆಯುವುದು ತಪ್ಪು. ಆಕೆ 1778ರಲ್ಲಿ ಹುಟ್ಟಿದ್ದು ಬೆಳಗಾವಿಗೆ ಹತ್ತಿರದ ಕಾಕತಿಯಲ್ಲಿ. ಮಲ್ಲಸರ್ಜ ದೇಸಾಯಿಯ ಕೈಹಿಡಿದು ಕಿತ್ತೂರಿಗೆ ಬಂದವಳು. ಕಾಕತಿ ಅವಳ ತವರು, ಕಿತ್ತೂರು ಅವಳ ಸಂಸ್ಥಾನ. 1824ರಲ್ಲಿ ಬ್ರಿಟಿಷರ ವಿರುದ್ಧ ನಿಂತದ್ದು ಗಂಡನ ಮನೆಯ ನೆಲಕ್ಕಾಗಿ ಎಂಬುದು ಪದ ಸರಿಯಾಗಿದ್ದಾಗ ಮಾತ್ರ ಓದುಗರಿಗೆ ತಿಳಿಯುತ್ತದೆ, ಅದಕ್ಕೇ ಈ ತಪ್ಪು ನನಗೆ ಸಣ್ಣದೆನಿಸುವುದಿಲ್ಲ.

ಹುಟ್ಟೂರು ನೆಲಕ್ಕೆ ಅಂಟಿಕೊಂಡಿರುತ್ತದೆ, ತವರು ಜನರಿಗೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ನದಿತೀರದ ಎಷ್ಟೋ ಹಳ್ಳಿಗಳೂ ಮುಳುಗಡೆಯಾದಾಗ ಹುಟ್ಟೂರುಗಳು ನೀರಿನಡಿಗೆ ಹೋದವು. ಆದರೆ ತಾಯಿತಂದೆ, ಅಣ್ಣತಮ್ಮಂದಿರು ಬಾಗಲಕೋಟೆಯ ಹೊಸ ಬಡಾವಣೆಯಾದ ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದು ನೆಲೆಸಿದ ಮೇಲೆ ಹೆಣ್ಣುಮಕ್ಕಳ ತವರು ಅಲ್ಲಿಯೇ ಆಯಿತು. ಹೀಗಾಗಿ ‘ಮುಳುಗಡೆಯಾದ ಹುಟ್ಟೂರು’ ಎಂದು ಬರೆಯಬಹುದು, ‘ತವರು ಮುಳುಗಿತು’ ಎಂದು ಬರೆಯುವಾಗ ಮಾತ್ರ ಎಚ್ಚರವಿರಬೇಕು. ಮನೆಯವರೇ ಇಲ್ಲವಾದರೆಂಬ ಅರ್ಥ ಅದರಲ್ಲಿ ಸುಳಿಯುತ್ತದೆ.

ಪತ್ರಿಕೆಗಳ ‘ತವರು ಜಿಲ್ಲೆ’, ‘ತವರು ಕ್ಷೇತ್ರ’ ಗಂಡಸರಿಗೂ ಸಲ್ಲುವಂತೆ ನೆಲೆನಿಂತಿವೆ, ತಕರಾರು ಬೇಡ.

ವಸ್ತುಗಳ ಬಗೆಗೆ ಬಳಸುವಾಗ, ಅವು ಅಲ್ಲಿ ಹುಟ್ಟಿ ಹೊರಗೆ ಹೋಗಿ ಹೆಸರು ಮಾಡಿರಬೇಕು, ಹುಟ್ಟಿಸುವವರು ಇಂದಿಗೂ ಅಲ್ಲಿರಬೇಕು. ಸೀರೆಯ ಮೈಯ ಹಾಸನ್ನೂ (ಉದ್ದಕ್ಕೆ ಹಾಯುವ ನೂಲು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ನೇಕಾರರು ಇನ್ನೂ ಮಗ್ಗದಲ್ಲಿ ಕೂಡುತ್ತಿರುವುದರಿಂದ ಇಳಕಲ್ ಊರು ಇಳಕಲ್ ಸೀರೆಯ ತವರು. ಐಹೊಳೆಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಗುಡಿ ಕಟ್ಟುವ ಬಗೆಬಗೆಯ ಪ್ರಯೋಗ ಮಾಡಿದರು, ಆ ಕೆಲಸ ಮುಂದುವರಿದದ್ದು ಬೇರೆ ಕಡೆ. ಆದ್ದರಿಂದ ಐಹೊಳೆಯನ್ನು ತವರು ಎನ್ನುವುದಕ್ಕಿಂತ ‘ತೊಟ್ಟಿಲು’ ಎನ್ನುವ ರೂಢಿಯೇ ಹೆಚ್ಚು ಸರಿ.

ಆಡುಮಾತಿನ ‘ತವರಮನಿ’ ಬರಹದಲ್ಲಿ ‘ತವರುಮನೆ’ ಎಂದಾಗಬೇಕು. ‘ತವರು’ ಮತ್ತು ‘ಊರು’ ಕೂಡಿದಾಗ ಉಕಾರ ಲೋಪವಾಗಿ ‘ತವರೂರು’ ಎಂದಾಗುವುದರಿಂದ ಅದನ್ನು ಬಿಡಿಸಿ ಬರೆಯಬಾರದು.