ಮೇಲೆ ರೈಲು, ಕೆಳಗೆ ನೇಣು: ಜಾರ್ ಕಾಲವನ್ನು 8 ಮೀಟರ್ ಕಾಗದಕ್ಕೆ ಇಳಿಸಿದ ಅನುಭವ

ರಷ್ಯಾದ ಹಣಕಾಸು ಮಂತ್ರಿ ವಿಟ್ಟೆಗೆ ಒಂದು ಪಾಠ, ಪ್ರಧಾನಿ ಸ್ಟೊಲಿಪಿನ್‌ಗೆ ಇನ್ನೊಂದು ಎಂದು ಬೇರೆ ಮಾಡಿದರೆ ಉತ್ತರಪತ್ರಿಕೆಯಲ್ಲಿ ಏನು ಬರುತ್ತದೆ ಅಂತ ಆಧುನಿಕ ಯೂರೋಪ್ ಕಲಿಸುವವರಿಗೆ ಗೊತ್ತೇ ಇದೆ: ರೈಲು ಹಾಕಿದವನು ಒಳ್ಳೆಯವನು, ನೇಣು ಹಾಕಿದವನು ಕೆಟ್ಟವನು. ಎರಡನ್ನೂ ಒಂದೇ ಗೋಡೆಯ ಮೇಲೆ ಕಾಲರೇಖೆಯಾಗಿ ಎಳೆಯುತ್ತೇನೆ ಅಂದಾಗ, "ಇದು ಹೈಸ್ಕೂಲ್ ಚಾರ್ಟ್ ಕೆಲಸ" ಎಂದರು ಜೊತೆಯವರು. ಮೂರನೇ ವರ್ಷಕ್ಕೆ ಕೈಹಿಡಿಯಿತು. ಈಗ ಅವರೇ ಸುರುಳಿ ಎರವಲು ಕೇಳುತ್ತಾರೆ.

1881ರಿಂದ 1914ರವರೆಗೆ, ವರ್ಷಕ್ಕೆ 20 ಸೆಂ.ಮೀ. 1905, 06, 07ಕ್ಕೆ ಮಾತ್ರ 60. ಮೊದಲು ಎಲ್ಲಕ್ಕೂ 20 ಇಟ್ಟು ಕೆಟ್ಟೆ; ಘಟನೆ ಬರೆದು ಚುಚ್ಚುವ ಚೀಟಿಗಳಲ್ಲಿ 1906ರವು ಒಂದರ ಮೇಲೊಂದು ಬಿದ್ದವು. ಫ್ಲೆಕ್ಸ್ ಹಾಕಿಸಿದ್ದು ಇನ್ನೊಂದು ತಪ್ಪು. ಎರಡು ಸಲ ಸುಮಾರು 1,200 ರೂಪಾಯಿ ಹೋಯಿತು, ಎರಡೂ ಸಲ ದಿನಾಂಕದಿಂದಲೇ. ಇಂದಿನ ಪಂಚಾಂಗಕ್ಕೆ ತರಲು ಹಳೆಯ ರಷ್ಯನ್ ದಿನಾಂಕಕ್ಕೆ ಕಣ್ಣುಮುಚ್ಚಿ 13 ದಿನ ಕೂಡಿಸಿದೆ. 19ನೇ ಶತಮಾನಕ್ಕೆ ಕೂಡಿಸಬೇಕಾದ್ದು 12. ಜಾರ್ ಎರಡನೇ ಅಲೆಕ್ಸಾಂಡರ್ ಕೊಲೆಯಾದ 1881ರ ಮಾರ್ಚ್ 1, ಮಾರ್ಚ್ 13 ಆಗಬೇಕಿತ್ತು, 14 ಆಗಿ ಅಚ್ಚಾಯಿತು. ಈಗ ಎಲ್ಲವೂ ಹಳೆಯ ಪಂಚಾಂಗದಲ್ಲೇ. ಖಾಕಿ ಕಾಗದದ ಸುರುಳಿಗೆ ಇನ್ನೂರೈವತ್ತು ರೂಪಾಯಿಯ ಆಸುಪಾಸು ಬಿತ್ತು. ಚೀಟಿಗಳಿಗೆ ಹಳೆಯ ಲಗ್ನಪತ್ರಿಕೆಯ ಹಿಂಬದಿ, ಖರ್ಚಿಲ್ಲ.

ಮೇಲಿನ ಸಾಲು ಹಣದ್ದು: 1891ರ ಆಮದು ಸುಂಕ, ಅದೇ ವರ್ಷ ಶುರುವಾದ ಸೈಬೀರಿಯಾ ರೈಲು, 1897ರ ಚಿನ್ನದ ರೂಬಲ್. ಆ ರೂಬಲ್ಲನ್ನು ಇಂದಿನ ರೂಪಾಯಿಗೆ ಇಳಿಸಲು ಒಂದು ವಾರ ಒದ್ದಾಡಿದೆ, ದಂಡ. ಹಳೆಯ 10 ರೂಬಲ್ ನಾಣ್ಯದಷ್ಟೇ ಚಿನ್ನದ ಮೇಲೆ ಈಗ 15 ಎಂದು ಅಚ್ಚು ಬಿತ್ತು ಅಂದರೆ ಸಾಕು, ಅರ್ಥವಾಗುತ್ತದೆ.

ಕೆಳಗಿನ ಸಾಲು ದಮನದ್ದು, ಅದಕ್ಕೆ ಚೀಟಿಗಿಂತ ಮೊದಲು ಒಂದು ಕಪ್ಪು ರಿಬ್ಬನ್. 1881ರ ಆಗಸ್ಟ್ 14ರ 'ತಾತ್ಕಾಲಿಕ' ಭದ್ರತಾ ಕಾನೂನು ಅದು. ಮೂರು ವರ್ಷಕ್ಕೆಂದು ಬಂದದ್ದು ಮತ್ತೆಮತ್ತೆ ಮುಂದುವರಿಯಿತು. ವಿಚಾರಣೆಯೇ ಇಲ್ಲದೆ ಗಡೀಪಾರು, ಗವರ್ನರ್ ಕೈಯಲ್ಲೇ ಮೂರು ತಿಂಗಳ ಜೈಲು. ರೈಲಿನ ಚೀಟಿಗಳೆಲ್ಲ ಈ ರಿಬ್ಬನ್ನಿನ ಮೇಲೇ ಓಡುತ್ತವೆ.

ಯಾವ ಸಾಲಿಗೂ ಸೇರದ ಚೀಟಿಗಳೇ ಜಗಳ ಹುಟ್ಟಿಸುವುದು. ಗುಪ್ತ ಪೊಲೀಸ್ ಅಧಿಕಾರಿ ಜುಬಾಟೊವ್ ಪೊಲೀಸರ ಕಣ್ಗಾವಲಲ್ಲೇ ಕಟ್ಟಿದ ಕಾರ್ಮಿಕ ಸಂಘ ಎಲ್ಲಿಗೆ? ಪೀಟರ್ಸ್‌ಬರ್ಗಿನ ಬಟ್ಟೆ ಗಿರಣಿ ಮುಷ್ಕರದ ಮರುವರ್ಷ, 1897ರಲ್ಲಿ, ದುಡಿಮೆ ದಿನಕ್ಕೆ 11.5 ಗಂಟೆ ಮೀರಬಾರದೆಂದ ಕಾನೂನು ಎಲ್ಲಿಗೆ? ಅಂಥವನ್ನು ನಡುವೆ ಚುಚ್ಚಿ. 1912ರಲ್ಲಿ ಸೈಬೀರಿಯಾದ ಲೇನಾ ಗಣಿಯ ಮುಷ್ಕರನಿರತರ ಮೇಲೆ ಬಿದ್ದ ಗುಂಡೇಟೂ ಅಲ್ಲೇ: ಚಿನ್ನದ ಗಣಿ ಮೇಲಿನದು, ಸೈನಿಕರ ಕೋವಿ ಕೆಳಗಿನದು.

ಪಾಠದ ತಿರುಳು ಇರುವುದು 1906ರ 60 ಸೆಂ.ಮೀ.ನಲ್ಲಿ. ಏಪ್ರಿಲ್‌ನಲ್ಲಿ ಫ್ರೆಂಚರು ಮುಂದಾಗಿ ಕೊಟ್ಟ 225 ಕೋಟಿ ಫ್ರಾಂಕ್ ಸಾಲ, ಡೂಮಾ, ಅಂದರೆ ಚುನಾಯಿತ ಸಂಸತ್ತು, ಸೇರುವ ಮುಂಚೆಯೇ. ಹಣದ ಚೀಲದ ದಾರ ಡೂಮಾ ಕೈಗೆ ಸಿಗಲಿಲ್ಲ. ಜುಲೈನಲ್ಲಿ ಡೂಮಾ ವಿಸರ್ಜನೆ. ಆಗಸ್ಟ್ 19ಕ್ಕೆ ಸ್ಟೊಲಿಪಿನ್‌ನ ರಣ ನ್ಯಾಯಾಲಯ, ಅಂದರೆ ಸೈನ್ಯಾಧಿಕಾರಿಗಳೇ ತೀರ್ಪು ಕೊಡುವ ನ್ಯಾಯಾಲಯ: 48 ಗಂಟೆಯೊಳಗೆ ತೀರ್ಪು, ಮುಂದಿನ 24ರಲ್ಲಿ ಜಾರಿ. ನವೆಂಬರ್ 9ಕ್ಕೆ, ರೈತ ಊರೊಟ್ಟಿನ ಜಮೀನಿನಿಂದ ತನ್ನ ಪಾಲು ಬಿಡಿಸಿಕೊಳ್ಳುವ ಆಜ್ಞೆ. ನಡುವೆ 82 ದಿನ, ಕಾಗದದ ಮೇಲೆ ಹದಿಮೂರೂವರೆ ಸೆಂ.ಮೀ. ಎರಡೂ ಹೊರಟದ್ದು ಡೂಮಾ ಇಲ್ಲದಾಗ ಬಳಸುವ, ಮೂಲ ಕಾನೂನಿನ ಒಂದೇ 87ನೇ ವಿಧಿಯಿಂದ. ಎರಡೂ ಚೀಟಿಯ ಹಿಂದೆ '87' ಬರೆದಿರುತ್ತೇನೆ. ಯಾವ ಹೊತ್ತಿಗೆ ತಿರುಗಿಸುತ್ತೇನೆ, ತಿರುಗಿಸುವ ಮುಂಚೆ ಏನು ಕೇಳುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನ್ಯಾಯಾಲಯದ ಚೀಟಿ 1907ರ ಏಪ್ರಿಲ್‌ಗೆ ನಿಲ್ಲುತ್ತದೆ; ಸ್ಟೊಲಿಪಿನ್ ಅದನ್ನು ಎರಡನೇ ಡೂಮಾ ಮುಂದೆ ಇಡಲೇ ಇಲ್ಲ, ಅಷ್ಟರಲ್ಲಿ ಸಾವಿರ ಮೀರಿ ಜನ ಸತ್ತಿದ್ದರು. ಜಮೀನಿನ ಚೀಟಿ 1910ರ ಜೂನ್‌ಗೆ ಕಾನೂನಾಗುತ್ತದೆ. ಒಪ್ಪಿಗೆ ಕೊಟ್ಟದ್ದು ಮೂರನೇ ಡೂಮಾ, ಅಂದರೆ 1907ರ ಜೂನ್ 3ಕ್ಕೆ ಮತದ ನಿಯಮವನ್ನೇ ತಿರುಚಿ ತರಿಸಿಕೊಂಡದ್ದು. ನ್ಯಾಯಾಲಯ, ಜಮೀನು, ಜೂನ್ 3, ಈ ಮೂರು ಚೀಟಿಗೆ ಕೆಂಪು ದಾರ ಕಟ್ಟಿ. ಅಂಟು ಹಚ್ಚಿದರೆ ಮುಂದಿನ ತರಗತಿಗೆ ಕಾಗದ ಹರಿಯುತ್ತದೆ.

ರಿಬ್ಬನ್ ಮಾತ್ರ ಅರ್ಧ ಮೀಟರ್ ಹೆಚ್ಚಿಗೆ ಕೊಳ್ಳಿ. ಕಾಗದ 1914ಕ್ಕೆ ಮುಗಿದರೂ ಆ 'ತಾತ್ಕಾಲಿಕ' ಕಾನೂನು 1917ರ ಕ್ರಾಂತಿವರೆಗೂ ಜೀವಂತ ಇತ್ತು.